ಗೆದ್ದವರೆಲ್ಲ ಯಾಕೆ ತಾರೆಯಾಗುವುದಿಲ್ಲ? ಎಂಎಂಎಗೆ ರೆಸ್ಲಿಂಗ್ ಹೇಳಿಕೊಡಬಹುದಾದದ್ದು

2017ರ ಅಕ್ಟೋಬರ್ 7ರ ರಾತ್ರಿ ಲಾಸ್ ವೇಗಸ್‌ನಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ (ಎಂಎಂಎ) ಹುರಿಯಾಳು ಡಿಮೆಟ್ರಿಯಸ್ ಜಾನ್ಸನ್ ಮಾಡಿದ್ದನ್ನು ನಾನು ಇವತ್ತಿಗೂ ಆಗಾಗ ಹಾಕಿಕೊಂಡು ನೋಡುತ್ತೇನೆ. ಐದನೇ ಸುತ್ತು. ಎದುರಾಳಿ ರೇ ಬೋರ್ಗ್‌ನ ಸೊಂಟವನ್ನು ಹಿಂದಿನಿಂದ ಬಳಸಿ ಹಿಡಿದು, ಮೇಲಕ್ಕೆತ್ತಿ ಒಗೆದ. ಬೋರ್ಗ್ ನೆಲ ಮುಟ್ಟುವ ಹೊತ್ತಿಗಾಗಲೇ ಅವನ ತೋಳು ಜಾನ್ಸನ್‌ನ ಹಿಡಿತದಲ್ಲಿತ್ತು. ಬಿದ್ದದ್ದೇ ನೇರವಾಗಿ ಮೊಣಕೈ ಮುರಿಯುವ ಪಟ್ಟಿನೊಳಕ್ಕೆ. ಬೋರ್ಗ್ ಸೋಲೊಪ್ಪಿ ತಟ್ಟಿದ. ಜಾನ್ಸನ್ ಸತತ 11ನೇ ಸಲ ಚಾಂಪಿಯನ್ ಬೆಲ್ಟ್ ಉಳಿಸಿಕೊಂಡ, ಎಂಎಂಎಯ ಅತಿ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯಲ್ಲಿ ಅದುವರೆಗೆ ಯಾರೂ ಮಾಡದ ಸಾಧನೆ.

ಮರುವರ್ಷ ಆಗಸ್ಟ್‌ನಲ್ಲಿ ಅವನು ಒಂದೇ ಒಂದು ಪಂದ್ಯವನ್ನು ಕೂದಲೆಳೆಯಲ್ಲಿ ಸೋತ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಯುಎಫ್‌ಸಿ ಅವನನ್ನು ಏಷ್ಯಾದ ಒನ್ ಚಾಂಪಿಯನ್‌ಶಿಪ್ ಸಂಸ್ಥೆಗೆ ಬಿಟ್ಟುಕೊಟ್ಟು, ಬದಲಿಗೆ ಬೆನ್ ಆಸ್ಕ್ರೆನ್ ಎಂಬ ಕುಸ್ತಿಪಟುವನ್ನು ತೆಗೆದುಕೊಂಡಿತು. ಆ ಕಾಲದ ಅತಿ ಪರಿಪೂರ್ಣ ಹುರಿಯಾಳು ಜಾನ್ಸನ್ ಎಂಬುದನ್ನು ಒಪ್ಪದವರು ಕಡಿಮೆ. ಅವನಿಗಾಗಿ ದುಡ್ಡು ಕೊಟ್ಟು ಟಿವಿ ಮುಂದೆ ಕೂರುವವರೂ ಅಷ್ಟೇ ಕಡಿಮೆ.

ಇದರ ಪಕ್ಕದಲ್ಲಿ ಇನ್ನೊಂದು ರಾತ್ರಿಯನ್ನು ಇಡುತ್ತೇನೆ. 1997ರ ಮಾರ್ಚ್ 23, ಶಿಕಾಗೊ ಹೊರವಲಯ, ಪ್ರೊಫೆಷನಲ್ ರೆಸ್ಲಿಂಗ್‌ನ ದೊಡ್ಡ ಮೇಳ ರೆಸಲ್‌ಮೇನಿಯಾ 13. ಬ್ರೆಟ್ ಹಾರ್ಟ್ ವಿರುದ್ಧ ಸ್ಟೀವ್ ಆಸ್ಟಿನ್. ಒಬ್ಬ ಸೋಲೊಪ್ಪುವ ತನಕ ನಡೆಯುವ ಪಂದ್ಯ. ಹಾರ್ಟ್ ಎಲ್ಲರೂ ಮೆಚ್ಚುವ ನಾಯಕ, ಆಸ್ಟಿನ್ ಬಾಯಿಹರುಕ ಖಳ. ಕೊನೆಗೆ ಹಾರ್ಟ್ ತನ್ನ ಹೆಸರಾಂತ ಪಟ್ಟಾದ ಶಾರ್ಪ್‌ಶೂಟರ್ ಹಾಕಿ ಕಾಲು ತಿರುಚಿದ. ಆಸ್ಟಿನ್‌ನ ಹಣೆ ಒಡೆದು ಹಲ್ಲಿನ ಸಂದಿಯಲ್ಲೆಲ್ಲ ರಕ್ತ. ಕೂಗಿದ, ಒದ್ದಾಡಿದ, ಆದರೆ ಸೋತೆ ಅನ್ನಲಿಲ್ಲ. ನೋವಿಗೆ ಪ್ರಜ್ಞೆ ತಪ್ಪಿದ. ತೀರ್ಪುಗಾರ ಪಂದ್ಯ ನಿಲ್ಲಿಸಿದ. ಲೆಕ್ಕದಲ್ಲಿ ಆಸ್ಟಿನ್ ಸೋತ. ಎದ್ದು, ಯಾರ ಕೈಯನ್ನೂ ಆಸರೆಗೆ ಹಿಡಿಯದೆ, ಕುಂಟುತ್ತ ಹೊರಟಾಗ ಸಭಾಂಗಣವೇ ಅವನ ಹೆಸರು ಕೂಗಿತು. ಬಂದಾಗ ಖಳನಾಗಿದ್ದವನು ಹೋಗುವಾಗ ನಾಯಕ, ನಾಯಕನಾಗಿ ಬಂದ ಹಾರ್ಟ್ ಖಳ. ಮುಂದಿನ ಕೆಲವು ವರ್ಷ ಆ ಉದ್ಯಮವನ್ನು ಹೊತ್ತು ನಡೆದವನು ಅಂದು ಸೋತ ಆಸ್ಟಿನ್.

ಅಂದು ತೀರ್ಪುಗಾರನಾಗಿ ನಿಂತಿದ್ದವನು ಕೆನ್ ಶ್ಯಾಮ್‌ರಾಕ್. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ ಮೊಟ್ಟಮೊದಲ ಯುಎಫ್‌ಸಿಯಲ್ಲಿ ಕಾದಾಡಿದ್ದ ಮನುಷ್ಯ. ಈ ಎರಡು ಲೋಕಗಳ ನಡುವಿನ ಬಾಗಿಲು ಯಾವತ್ತೂ ಪೂರ್ತಿ ಮುಚ್ಚಿದ್ದಿಲ್ಲ. ಅವನ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೊದಲು ಬುಡದ ವ್ಯತ್ಯಾಸ ಹೇಳಿಬಿಡಬೇಕು. ಎಂಎಂಎ ನಿಜವಾದ ಸ್ಪರ್ಧೆ. ಗುದ್ದು, ಒದೆತ, ಕುಸ್ತಿ, ಕೀಲು ಮುರಿಯುವ ಪಟ್ಟು, ಎಲ್ಲಕ್ಕೂ ಅವಕಾಶವಿರುವ ಕಾದಾಟ. ಯಾರು ಗೆಲ್ಲುತ್ತಾರೆಂದು ಪಂಜರದ ಬಾಗಿಲು ಹಾಕಿದ ಮೇಲೂ ಯಾರಿಗೂ ಗೊತ್ತಿರುವುದಿಲ್ಲ. ಪ್ರೊಫೆಷನಲ್ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಆ ಗುಟ್ಟನ್ನು ಕಾಯುವ ಕಟ್ಟುಪಾಡಿಗೆ ಅವರಲ್ಲಿ ಕೇಫೇಬ್ ಎಂಬ ಹೆಸರಿದೆ. ಒಳ್ಳೆಯವನ ಪಾತ್ರ ಬೇಬಿಫೇಸ್, ಕೆಟ್ಟವನದು ಹೀಲ್. ಮೈಕ್ ಹಿಡಿದು ಎದುರಾಳಿಗೆ ಸವಾಲು ಹಾಕುವ ಮಾತುಗಾರಿಕೆ ಪ್ರೋಮೊ.

ರೆಸ್ಲಿಂಗ್ ಹುಟ್ಟಿನಿಂದಲೇ ಹೀಗಿರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ನಿಜವಾದ ಕುಸ್ತಿಗಳು ಗಂಟೆಗಟ್ಟಲೆ ಎಳೆಯುತ್ತಿದ್ದವು. 1916ರಲ್ಲಿ ಎಡ್ 'ಸ್ಟ್ರ್ಯಾಂಗ್ಲರ್' ಲೂಯಿಸ್ ಮತ್ತು ಜೋ ಸ್ಟೆಚರ್ ಒಮಾಹಾದಲ್ಲಿ ಐದು ಗಂಟೆಯಷ್ಟು ಹೊತ್ತು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದು ಕೊನೆಗೆ ಸಮಬಲವಾಯಿತು. ಕಾಸು ಕೊಟ್ಟು ಬಂದವರಿಗೆ ಅದನ್ನು ಕೂತು ನೋಡುವುದು ಕಷ್ಟ. 1920ರ ದಶಕದಲ್ಲಿ ಅದೇ ಲೂಯಿಸ್, ಅವನ ಮ್ಯಾನೇಜರ್ ಬಿಲ್ಲಿ ಸ್ಯಾಂಡೊ ಮತ್ತು ಟೂಟ್ಸ್ ಮಾಂಟ್ ಸೇರಿ ಪಂದ್ಯವನ್ನು ಚುರುಕಾದ ಆಟವಾಗಿ ಮರುರೂಪಿಸಿದರು. ಅಲ್ಲಿಂದ ಇಲ್ಲಿಯವರೆಗಿನ ನೂರು ವರ್ಷ ರೆಸ್ಲಿಂಗ್ ಮಂದಿ ಕೇಳಿಕೊಂಡು ಬಂದದ್ದು ಒಂದೇ ಪ್ರಶ್ನೆ: ಜನ ಒಬ್ಬ ಮನುಷ್ಯನ ಮೇಲೆ ಯಾಕೆ ಮನಸ್ಸಿಡುತ್ತಾರೆ?

ನಮಗೆ ಈ ಪ್ರಶ್ನೆ ಹೊಸದಲ್ಲ. ಗದಾಯುದ್ಧದ ಆಟದಲ್ಲಿ ಕೌರವನ ತೊಡೆ ಮುರಿಯುತ್ತದೆಂದು ಬಯಲಲ್ಲಿ ಕೂತ ಪ್ರತಿ ಮಗುವಿಗೂ ಗೊತ್ತು. ಆದರೂ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ, ಸೋಲುವ ಕೌರವನ ವೇಷ ಯಾರು ಮಾಡುತ್ತಾರೆಂದು ವಿಚಾರಿಸಿಕೊಂಡೇ ಹೊರಡುತ್ತಾರೆ. ಕರ್ಣನಿಗಾಗಿ ಅಳದ ಊರು ನಮ್ಮಲ್ಲಿ ಯಾವುದಿದೆ? ಗೆಲುವು ಸೋಲು ಗೊತ್ತಿದ್ದ ಮೇಲೂ ಉಳಿಯುವ ಕುತೂಹಲ ಒಂದಿದೆ. ಇವನಿಗೆ ಏನು ಬೇಕಾಗಿತ್ತು, ಅದಕ್ಕಾಗಿ ಏನು ತೆತ್ತ, ಬೀಳುವಾಗ ಹೇಗೆ ಬಿದ್ದ ಎಂಬ ಕುತೂಹಲ. ತಾರೆ ಹುಟ್ಟುವುದು ಅಲ್ಲಿ.

ಎಂಎಂಎ ಇದನ್ನು ಅರ್ಧ ಮಾತ್ರ ಕಲಿತಿದೆ, ಅದೂ ತಪ್ಪು ಅರ್ಧವನ್ನು. ಅದು ಎತ್ತಿಕೊಂಡದ್ದು ಬಾಯಿಯನ್ನು.

ಬಾಯಿಯ ಪರಂಪರೆ ದೊಡ್ಡದೇ. 1940–50ರ ದಶಕದಲ್ಲಿ ಅಮೆರಿಕದ ಟಿವಿಯನ್ನು ಆಳಿದ ಗಾರ್ಜಿಯಸ್ ಜಾರ್ಜ್ ಎಂಬ ರೆಸ್ಲರ್ ಬಂಗಾರದ ಬಣ್ಣದ ಗುಂಗುರು ಕೂದಲು, ರೇಷ್ಮೆಯ ನಿಲುವಂಗಿ, ಅತ್ತರು ಸಿಂಪಡಿಸಲು ಒಬ್ಬ ಸೇವಕ, ಇಷ್ಟು ಜಂಬದೊಂದಿಗೆ ಬರುತ್ತಿದ್ದ. ಅವನು ಸೋಲುವುದನ್ನು ನೋಡಲೆಂದೇ ಜನ ತುಂಬುತ್ತಿದ್ದರು. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಅದನ್ನು ಕಣ್ಣಾರೆ ಕಂಡ 19ರ ಹುಡುಗ ಕ್ಯಾಸಿಯಸ್ ಕ್ಲೇ. ಮುಂದೆ ಮುಹಮ್ಮದ್ ಅಲಿಯಾದ ಮೇಲೂ ತನ್ನ ಮಾತಿನ ಗುರು ಯಾರೆಂದು ಅವನು ಮರೆಮಾಚಲಿಲ್ಲ. ಎಂಎಂಎಯಲ್ಲಿ ಚೇಲ್ ಸೊನೆನ್ ಅದೇ ದಾರಿ ಹಿಡಿದ. ರೆಸ್ಲಿಂಗ್‌ನ 'ಸೂಪರ್‌ಸ್ಟಾರ್' ಬಿಲ್ಲಿ ಗ್ರಹಾಂನ ಮಾತಿನ ಧಾಟಿಯನ್ನು ಎತ್ತಿಕೊಂಡು ಚಾಂಪಿಯನ್ ಆಂಡರ್‌ಸನ್ ಸಿಲ್ವಾನನ್ನು ತಿಂಗಳುಗಟ್ಟಲೆ ಕೆಣಕಿದ. 2010ರ ಆಗಸ್ಟ್‌ನಲ್ಲಿ ನಾಲ್ಕು ಸುತ್ತು ಪೂರ್ತಿ ಸಿಲ್ವಾನನ್ನು ನೆಲಕ್ಕೆ ಒತ್ತಿಟ್ಟು ಬಡಿದ, ಐದನೇ ಸುತ್ತಿನಲ್ಲಿ ಸಿಲ್ವಾನ ಕಾಲುಗಳ ಕತ್ತರಿಗೆ ಸಿಕ್ಕಿ ಸೋತ. ಆ ಸೋಲಿನ ನಂತರ ಸೊನೆನ್ ಮುಂಚಿಗಿಂತ ಬಹಳ ದೊಡ್ಡವನಾದ.

ಇದರಿಂದ ಉಳಿದವರು ಕಲಿತದ್ದು ಬೈಗುಳವನ್ನಷ್ಟೇ. ರೆಸ್ಲಿಂಗ್‌ನಲ್ಲಿ ಬೈಗುಳ ಒಂದು ಕಸುಬು, ಅದಕ್ಕೊಂದು ವ್ಯಾಕರಣವಿದೆ. ಒಳ್ಳೆಯ ಹೀಲ್ ಎದುರಾಳಿಯನ್ನು ಎಷ್ಟೇ ಜರೆದರೂ ಅವನನ್ನು ಕ್ಷುಲ್ಲಕ ಮಾಡುವುದಿಲ್ಲ. ಲೆಕ್ಕ ಸರಳವಾಗಿದೆ: ಕೈಲಾಗದವನನ್ನು ಗೆದ್ದರೆ ನಿನಗೇನೂ ಬರಲಿಲ್ಲ, ಕೈಲಾಗದವನಿಗೆ ಸೋತರೆ ನೀನು ಅವನಿಗಿಂತ ಕಡೆ. ಎದುರಾಳಿಯನ್ನು ಎತ್ತಿ ನಿಲ್ಲಿಸುವುದು ಅವರ ಮೊದಲ ಪಾಠ. ಎಂಎಂಎಯ ಪತ್ರಿಕಾಗೋಷ್ಠಿಗಳಲ್ಲಿ ನಡೆಯುವುದು ಇದರ ವಿರುದ್ಧ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಅಲ್ಲವೆಂದು ಸಾರುತ್ತಾರೆ, ಪಂದ್ಯ ಮುಗಿಯುವ ಹೊತ್ತಿಗೆ ಒಬ್ಬನ ಮಾತು ನಿಜವಾಗಿಬಿಟ್ಟಿರುತ್ತದೆ. ಗೆದ್ದವನಿಗೆ ಅದರಿಂದ ಸಿಕ್ಕಿದ್ದು ಏನು?

ಇನ್ನೊಂದು ವ್ಯತ್ಯಾಸ ನನ್ನನ್ನು ಹೆಚ್ಚು ಕಾಡುತ್ತದೆ. ರೆಸ್ಲಿಂಗ್‌ನ ಬೈಗುಳ ಇಬ್ಬರು ಸಹೋದ್ಯೋಗಿಗಳು ಒಪ್ಪಿ ಆಡುವ ಮಾತು. ಎಂಎಂಎಯಲ್ಲಿ ಆ ಒಪ್ಪಂದವಿಲ್ಲ. 2018ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಕಾನರ್ ಮೆಗ್ರೆಗರ್ ತನ್ನ ತಂಡದೊಂದಿಗೆ ನುಗ್ಗಿ ಖಬೀಬ್ ನುರ್ಮಗೊಮೆಡೊವ್ ಕೂತಿದ್ದ ಬಸ್ಸಿನ ಕಿಟಕಿಗೆ ಸಾಮಾನು ಸಾಗಿಸುವ ಕೈಗಾಡಿ ಎಸೆದ. ಒಡೆದ ಗಾಜು ಬೇರೆ ಹುರಿಯಾಳುಗಳಿಗೆ ತಗುಲಿತು. ಅದೇ ದೃಶ್ಯವನ್ನು ಯುಎಫ್‌ಸಿ ಅವರಿಬ್ಬರ ಅಕ್ಟೋಬರ್‌ನ ಪಂದ್ಯದ ಜಾಹೀರಾತಿಗೆ ಬಳಸಿಕೊಂಡಿತು. ಖಬೀಬ್‌ನ ತಂದೆ, ನಾಡು, ಧರ್ಮ ಎಲ್ಲವೂ ಮೆಗ್ರೆಗರ್‌ನ ಬಾಯಿಗೆ ಸಿಕ್ಕವು. ಖಬೀಬ್ ನಾಲ್ಕನೇ ಸುತ್ತಿನಲ್ಲಿ ಅವನ ಕತ್ತು ಹಿಸುಕಿ ಗೆದ್ದ, ಗೆದ್ದ ಮೇಲೂ ಸಿಟ್ಟು ಇಳಿಯದೆ ಪಂಜರ ಹಾರಿ ಮೆಗ್ರೆಗರ್‌ನ ಸಂಗಡಿಗನ ಮೇಲೆ ಬಿದ್ದ. ಆ ಪಂದ್ಯ ಸುಮಾರು 24 ಲಕ್ಷ ಪೇ-ಪರ್-ವ್ಯೂ (ಟಿವಿಯಲ್ಲಿ ಒಂದು ಪಂದ್ಯ ನೋಡಲೆಂದೇ ಬೇರೆಯಾಗಿ ತೆರುವ ದುಡ್ಡು) ಮಾರಾಟವಾಯಿತು, ಎಂಎಂಎಯಲ್ಲಿ ಅದು ದಾಖಲೆ. ಪಂದ್ಯಗಳ ಮೇಲ್ವಿಚಾರಣೆ ನಡೆಸುವ ನೆವಾಡ ಆಯೋಗ ಖಬೀಬ್‌ಗೆ 5 ಲಕ್ಷ ಡಾಲರ್, ಮೆಗ್ರೆಗರ್‌ಗೆ 50 ಸಾವಿರ ಡಾಲರ್ ದಂಡ ಹಾಕಿತು. ದುಡ್ಡಿನ ಲೆಕ್ಕ ನೋಡಿದವರು ಇದನ್ನು ಯಶಸ್ಸೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಬ್ಬ ಮನುಷ್ಯನ ತಂದೆಯನ್ನು, ನಂಬಿಕೆಯನ್ನು ನಿಜವಾಗಿ ನೋಯಿಸಿ ಟಿಕೆಟ್ ಮಾರುವುದು ರೆಸ್ಲಿಂಗ್ ಕಲಿಸಿದ ವಿದ್ಯೆಯಲ್ಲ.

ಹಾಗಾದರೆ ಕಲಿಯಬೇಕಾದ ಇನ್ನರ್ಧ ಯಾವುದು? ಅದನ್ನು ನೋಡಲು ಜಪಾನ್‌ಗೆ ಹೋಗಬೇಕು. 1976ರಲ್ಲಿ ಅಲಿಯ ಎದುರು ಟೋಕಿಯೊದಲ್ಲಿ 15 ಸುತ್ತು ಸೆಣಸಿದವನು ಆಂಟೋನಿಯೊ ಇನೋಕಿ ಎಂಬ ರೆಸ್ಲರ್. ಎಂಎಂಎ ಆ ನಾಡಿನಲ್ಲಿ ಬೆಳೆದದ್ದೇ ರೆಸ್ಲಿಂಗ್‌ನ ಹಟ್ಟಿಯಲ್ಲಿ. 1997ರ ಅಕ್ಟೋಬರ್‌ನಲ್ಲಿ ಟೋಕಿಯೊ ಡೋಮ್‌ನಲ್ಲಿ ಪ್ರೈಡ್ ಎಂಬ ಸಂಸ್ಥೆ ಶುರುವಾದದ್ದು ರೆಸ್ಲಿಂಗ್ ತಾರೆ ನೊಬುಹಿಕೊ ಟಕಾಡ, ಬ್ರೆಜಿಲ್‌ನ ಜುಜುಟ್ಸು ಮನೆತನದ ರಿಕ್ಸನ್ ಗ್ರೇಸಿಯನ್ನು ಎದುರಿಸಿದ ಪಂದ್ಯದಿಂದ. ಟಕಾಡ ಸೋತ. ಅವನ ಗರಡಿಯಲ್ಲಿ ಪಳಗಿದ ಕಜುಶಿ ಸಕುರಾಬಾ ಮುಂದೆ ಬಂದ. ಒಂದೂವರೆ ವರ್ಷದೊಳಗೆ ಅದೇ ಮನೆತನದ ನಾಲ್ವರನ್ನು, ರಾಯ್ಲರ್, ರಾಯ್ಸ್, ರೆಂಜೊ, ರಾಯನ್, ಒಬ್ಬೊಬ್ಬರಾಗಿ ಸೋಲಿಸಿದ. ಗುರುವಿನ ಸೋಲು, ಶಿಷ್ಯನ ಲೆಕ್ಕ ತೀರಿಕೆ. ಕತೆ ಕಟ್ಟುವವರು ಕೂತು ಬರೆದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ.

2000ದ ಮೇ 1ರಂದು ರಾಯ್ಸ್ ಗ್ರೇಸಿಯ ಎದುರಿನ ಪಂದ್ಯ 90 ನಿಮಿಷ ನಡೆಯಿತು. ಸಕುರಾಬಾ ಆ ದಿನ ಬಂದದ್ದು ಒಂದೇ ಬಗೆಯ ಮುಖವಾಡ ತೊಟ್ಟ ಸಂಗಡಿಗರೊಂದಿಗೆ, ಅವರಲ್ಲಿ ನಿಜವಾದವನು ಯಾರೆಂದು ಗ್ರೇಸಿ ಕಡೆಯವರಿಗೆ ತಿಳಿಯದ ಹಾಗೆ. ಆರು ಸುತ್ತುಗಳ ನಂತರ ರಾಯ್ಸ್ ಕಡೆಯವರು ಸೋಲೊಪ್ಪಿ ಟವೆಲ್ ಎಸೆದರು. ಅದೇ ಸಂಜೆ ತನಗಿಂತ ಬಹಳ ಭಾರದ ಇಗೊರ್ ವೊವ್‌ಚಾಂಚಿನ್ ಎದುರು ಸಕುರಾಬಾ ಮತ್ತೆ ಇಳಿದ, ಒಂದು ಸುತ್ತಿಡೀ ನಿಂತ, ಆಮೇಲೆ ಏಳಲಾಗಲಿಲ್ಲ. ಮುಂದೆ ವಾಂಡರ್‌ಲೆ ಸಿಲ್ವಾನಿಗೆ ಮೂರು ಸಲ ಸೋತ. ಅವನ ಮೇಲಿನ ಪ್ರೀತಿ ಒಂದು ಎಳೆಯೂ ಸಡಿಲವಾಗಲಿಲ್ಲ. ತನಗೆ ಮೀರಿದವರ ಎದುರು ನಗುನಗುತ್ತ ನಡೆಯುವವನು ಎಂದು ಜನ ಅವನನ್ನು ಅರ್ಥ ಮಾಡಿಕೊಂಡಿದ್ದರು. ಪ್ರತಿ ಸೋಲೂ ಆ ಅರ್ಥವನ್ನು ಗಟ್ಟಿ ಮಾಡಿತು. 2017ರಲ್ಲಿ ಯುಎಫ್‌ಸಿಯೇ ಅವನನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು.

ಪ್ರೈಡ್‌ನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅದರ ಕೆಲವು ಪಂದ್ಯಗಳಲ್ಲಿ ಒಳಒಪ್ಪಂದ ಇತ್ತೆಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಭೂಗತ ಜಗತ್ತಿನ ನಂಟಿನ ಸುದ್ದಿಗಳ ನಡುವೆ 2006ರಲ್ಲಿ ಫುಜಿ ಟಿವಿ ಕೈಬಿಟ್ಟಿತು, ಮರುವರ್ಷ ಯುಎಫ್‌ಸಿಯ ಮಾಲೀಕರು ಕೊಂಡು ಮುಚ್ಚಿದರು. ರೆಸ್ಲಿಂಗ್‌ನಿಂದ ಕಲಿಯಬೇಕೆಂದಾಗ ಫಲಿತಾಂಶವನ್ನು ಮುಟ್ಟುವ ಮಾತು ಬರಲೇಕೂಡದು. ಮುಟ್ಟಿದ ದಿನ ಎಂಎಂಎ ಹತ್ತಿರ ಉಳಿಯುವುದು ಏನೂ ಇಲ್ಲ. ಫಲಿತಾಂಶದ ಸುತ್ತ ಇರುವುದೆಲ್ಲ ಮಾತ್ರ ಮುಕ್ತವಾಗಿದೆ: ಯಾರಿಗೆ ಯಾರನ್ನು ಎದುರು ಹಾಕುವುದು, ಯಾವಾಗ, ಅದಕ್ಕೆ ಮುಂಚೆ ಜನರಿಗೆ ಏನು ತಿಳಿದಿರಬೇಕು, ಸೋತ ಮರುದಿನ ಏನಾಗಬೇಕು.

ಮೈಸೂರು ದಸರೆಯ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಶಾಸ್ತ್ರ ಒಂದಿದೆ. ಪೈಲ್ವಾನರನ್ನು ಸೇರಿಸಿ, ತೂಕ, ಅನುಭವ ನೋಡಿ ಯಾರಿಗೆ ಯಾರು ಜೋಡಿ ಎಂದು ಹಿರಿಯರು ನಿಶ್ಚಯಿಸುತ್ತಾರೆ. ಕುಸ್ತಿಯ ಅರ್ಧ ರುಚಿ ಅಲ್ಲೇ ತೀರ್ಮಾನವಾಗುತ್ತದೆ ಎಂದು ಮಟ್ಟಿಯ ಸುತ್ತ ಕೂರುವವರಿಗೆ ಗೊತ್ತು. ಯುಎಫ್‌ಸಿ ಜೋಡಿ ಕಟ್ಟುವುದು ಹೆಚ್ಚಾಗಿ ಶ್ರೇಯಾಂಕ ಮತ್ತು ಖಾಲಿ ಇರುವ ದಿನಾಂಕ ನೋಡಿ. ಹಾಗೆಂದು ಒಬ್ಬನನ್ನು ಹತ್ತಿಯಲ್ಲಿ ಸುತ್ತಿಟ್ಟು ತಾರೆ ಮಾಡಲೂ ಆಗುವುದಿಲ್ಲ. ಬೀದಿ ಕಾದಾಟದ ವಿಡಿಯೊಗಳಿಂದ ಹೆಸರಾದ ಕಿಂಬೊ ಸ್ಲೈಸ್ ಮೇಲೆ ಎಲೀಟ್‌ಎಕ್ಸ್‌ಸಿ ಎಂಬ ಸಂಸ್ಥೆ ಎಲ್ಲವನ್ನೂ ಪಣಕ್ಕಿಟ್ಟಿತ್ತು. 2008ರ ಅಕ್ಟೋಬರ್ 4ರಂದು, ಕೊನೆ ಗಳಿಗೆಯಲ್ಲಿ ಬದಲಿಯಾಗಿ ಬಂದ ಸೆತ್ ಪೆಟ್ರುಝೆಲ್ಲಿ ಅವನನ್ನು 14 ಸೆಕೆಂಡಿನಲ್ಲಿ ಮುಗಿಸಿದ. ಅದೇ ತಿಂಗಳು ಸಂಸ್ಥೆಯೂ ಮುಗಿಯಿತು. ಸೋಲದವನು ಎಂಬುದರ ಮೇಲಷ್ಟೇ ಕಟ್ಟಿದ ಕೀರ್ತಿ ನಿಜವಾದ ಕಾದಾಟದಲ್ಲಿ ಬಾಳುವುದಿಲ್ಲ.

ರಾಂಡಾ ರೌಸಿಗೆ ಆದದ್ದೂ ಇದೇ, ಇನ್ನೂ ಎತ್ತರದಿಂದ. ಬೀಜಿಂಗ್ ಒಲಿಂಪಿಕ್ಸ್‌ನ ಜೂಡೊ ಕಂಚು, ಯುಎಫ್‌ಸಿಯ ಮೊದಲ ಮಹಿಳಾ ಚಾಂಪಿಯನ್. 'ರೌಡಿ' ಎಂಬ ಅಡ್ಡಹೆಸರನ್ನು ರೆಸ್ಲರ್ ರಾಡಿ ಪೈಪರ್‌ನ ಒಪ್ಪಿಗೆಯಿಂದಲೇ ಪಡೆದವಳು. ಎದುರಾಳಿಗಳು ಸೆಕೆಂಡುಗಳಲ್ಲಿ ಸೋಲುತ್ತಿದ್ದರು, ಅವಳನ್ನು ಯಾರೂ ಸೋಲಿಸಲಾರರೆಂಬುದೇ ಪ್ರಚಾರದ ಏಕೈಕ ವಾಕ್ಯವಾಯಿತು. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ 56 ಸಾವಿರಕ್ಕೂ ಹೆಚ್ಚು ಜನರ ಮುಂದೆ ಹಾಲಿ ಹೋಮ್‌ಳ ಕಾಲು ಅವಳ ಕತ್ತಿಗೆ ಬಿತ್ತು. ಆಮೇಲಿನ ಮಾತು ಯಾರ ಹತ್ತಿರವೂ ಇರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳು ಕಾದಾಟದಿಂದ ದೂರ ಉಳಿದಳು. ಮರಳಿದಾಗ ಅಮಾಂಡಾ ನುನೆಸ್ 48 ಸೆಕೆಂಡಿನಲ್ಲಿ ಹೊಡೆದುರುಳಿಸಿದಳು. ರೆಸ್ಲಿಂಗ್‌ನಲ್ಲಿ ಭಾನುವಾರ ಸೋತವನಿಗೆ ಸೋಮವಾರ ಇರುತ್ತದೆ. ಮರುದಿನ ರಾತ್ರಿ ಅದೇ ಟಿವಿಯಲ್ಲಿ ಬಂದು, ಬ್ಯಾಂಡೇಜ್ ಕಟ್ಟಿಕೊಂಡು, ತನಗೆ ಏನನ್ನಿಸಿತೆಂದು ಹೇಳುತ್ತಾನೆ. ಜನ ಅವನ ಜೊತೆ ಸೋಲನ್ನು ದಾಟುತ್ತಾರೆ. ಎಂಎಂಎಯಲ್ಲಿ ಸೋತವರು ಆಸ್ಪತ್ರೆಗೆ ಹೋಗಿ ಆರು ತಿಂಗಳು ಕಾಣೆಯಾಗುತ್ತಾರೆ. ದೇಹಕ್ಕೆ ಆ ವಿರಾಮ ಬೇಕೇ ಬೇಕು. ಕತೆಗೂ ಅಷ್ಟೇ ದೀರ್ಘ ಮೌನ ಯಾಕೆ ಬೇಕೆಂದು ನನಗೆ ಅರ್ಥವಾಗಿಲ್ಲ.

ಯುಎಫ್‌ಸಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಅದರ ಜೀವ ಉಳಿದದ್ದೇ ಎರಡು ಸಲ ಈ ದಾರಿಯಿಂದ. ಫರ್ಟಿಟ್ಟಾ ಸಹೋದರರು 2001ರಲ್ಲಿ 20 ಲಕ್ಷ ಡಾಲರ್‌ಗೆ ಕೊಂಡ ಕಂಪನಿ ನಷ್ಟದಲ್ಲಿ ಮುಳುಗುತ್ತಿದ್ದಾಗ, ರೆಸ್ಲಿಂಗ್ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನಲ್ಲಿ (ಇಂದಿನ ಡಬ್ಲ್ಯುಡಬ್ಲ್ಯುಇ) ಮೈಕ್ ಹಿಡಿಯುವುದನ್ನು ಕಲಿತು ಎಂಎಂಎಗೆ ಮರಳಿದ ಕೆನ್ ಶ್ಯಾಮ್‌ರಾಕ್ 2002ರ ನವೆಂಬರ್‌ನಲ್ಲಿ ಟಿಟೊ ಓರ್ಟಿಜ್‌ನ ಎದುರು ನಿಂತ. ಶ್ಯಾಮ್‌ರಾಕ್‌ನ ಗರಡಿಯ ಹುಡುಗರನ್ನು ಸೋಲಿಸಿ ಅಣಕಿಸಿದ್ದ ಓರ್ಟಿಜ್ ಮೇಲೆ 1999ರಿಂದ ಉಳಿದಿದ್ದ ಸಿಟ್ಟು ಅದು. ಶ್ಯಾಮ್‌ರಾಕ್ ಸೋತ, ಪಂದ್ಯ ಕಂಪನಿಗೆ ಉಸಿರು ಕೊಟ್ಟಿತು. ಎರಡನೆಯದು 2005ರ ಜನವರಿ. ಹುರಿಯಾಳುಗಳನ್ನು ಒಂದೇ ಮನೆಯಲ್ಲಿಟ್ಟು ಚಿತ್ರಿಸಿದ ದಿ ಅಲ್ಟಿಮೇಟ್ ಫೈಟರ್ ಶುರುವಾದದ್ದು ಸ್ಪೈಕ್ ಟಿವಿಯಲ್ಲಿ, ಡಬ್ಲ್ಯುಡಬ್ಲ್ಯುಇಯ ರಾ ಎಂಬ ಕಾರ್ಯಕ್ರಮ ಮುಗಿದ ಕೂಡಲೇ. ರೆಸ್ಲಿಂಗ್ ನೋಡಿದವರು ಚಾನೆಲ್ ಬದಲಿಸದೆ ಕೂತರು. ಏಪ್ರಿಲ್ 9ರ ಅಂತಿಮ ಪಂದ್ಯದಲ್ಲಿ ಫಾರೆಸ್ಟ್ ಗ್ರಿಫಿನ್ ಮತ್ತು ಸ್ಟೀಫನ್ ಬೊನಾರ್ ಹೊಡೆದಾಡಿದಾಗ ವಾರಗಟ್ಟಲೆ ಅವರ ಜಗಳ, ಅಳು, ಅಡುಗೆಮನೆ ಎಲ್ಲ ಕಂಡವರಿಗೆ ಇಬ್ಬರೂ ಪರಿಚಿತರು. ಸೋತ ಬೊನಾರ್‌ಗೂ ಗುತ್ತಿಗೆ ಸಿಕ್ಕಿತು.

ಹಾಗಿದ್ದೂ ಮರೆತದ್ದು ಯಾಕೆ? ತಾರೆ ದುಬಾರಿ, ಇದೇ ಮುಖ್ಯ ಕಾರಣ ಎಂದು ನನ್ನ ಅನಿಸಿಕೆ. ಹೆಸರು ಬಂದವನು ಹೆಚ್ಚು ಕೇಳುತ್ತಾನೆ, ಒಲ್ಲೆ ಎನ್ನುತ್ತಾನೆ. 2015ರಿಂದ ಹುರಿಯಾಳುಗಳೆಲ್ಲ ಒಂದೇ ಕಂಪನಿಯ ಸಮವಸ್ತ್ರ ತೊಡಬೇಕಾಯಿತು. ಬಟ್ಟೆಯ ಬಣ್ಣದಲ್ಲೇ ಗುರುತು ಸಿಗುವ ರೆಸ್ಲಿಂಗ್‌ನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಯಾರ ಹೆಸರನ್ನು ಬೆಳೆಸುವ ಇರಾದೆ ಇತ್ತೆಂದು ತಿಳಿಯುತ್ತದೆ. ತಮ್ಮ ಸಂಭಾವನೆಯನ್ನು ಅಕ್ರಮವಾಗಿ ತಗ್ಗಿಸಲಾಗಿದೆ ಎಂದು ಹುರಿಯಾಳುಗಳು ಯುಎಫ್‌ಸಿ ಮೇಲೆ ಹೂಡಿದ ದಾವೆಯಲ್ಲಿ 2024ರಲ್ಲಿ 37.5 ಕೋಟಿ ಡಾಲರ್‌ಗೆ ರಾಜಿಯಾಯಿತು. 2023ರ ಸೆಪ್ಟೆಂಬರ್‌ನಿಂದ ಯುಎಫ್‌ಸಿ ಮತ್ತು ಡಬ್ಲ್ಯುಡಬ್ಲ್ಯುಇ ಎರಡೂ ಟಿಕೆಒ ಎಂಬ ಒಂದೇ ಸೂರಿನಡಿ ಇವೆ. 2025ರಲ್ಲಿ ಪ್ಯಾರಮೌಂಟ್ ಎಂಬ ಮಾಧ್ಯಮ ಕಂಪನಿ ಯುಎಫ್‌ಸಿಯ ಪ್ರಸಾರದ ಹಕ್ಕಿಗೆ ಏಳು ವರ್ಷಕ್ಕೆ 770 ಕೋಟಿ ಡಾಲರ್ ಕೊಡಲು ಒಪ್ಪಿತು, ಅಮೆರಿಕದಲ್ಲಿ ಪೇ-ಪರ್-ವ್ಯೂ ಪದ್ಧತಿಯೇ ಹೋಯಿತು. ಒಬ್ಬ ಮನುಷ್ಯನನ್ನು ನೋಡಲೆಂದು ಲಕ್ಷಾಂತರ ಮಂದಿ ಬೇರೆಯಾಗಿ ದುಡ್ಡು ತೆರಬೇಕಾದ ಅಗತ್ಯ ಇಲ್ಲದಾಗ, ಆ ಒಬ್ಬನನ್ನು ಬೆಳೆಸುವ ಒತ್ತಾಯವೂ ತಗ್ಗುತ್ತದೆ. ಹುರಿಯಾಳುಗಳಿಗೆ ತಾರಾಪಟ್ಟ ಎಂದಿಗಿಂತ ಹೆಚ್ಚು ಬೇಕಾಗಿರುವುದು ಈಗಲೇ. ಅವರ ಕೈಯಲ್ಲಿ ಚೌಕಾಸಿಗೆ ಉಳಿಯುವ ಬಲ ಅದೊಂದೇ.

ದಾರಿ ತೋರಿಸಿದವರೂ ಹುರಿಯಾಳುಗಳೇ. 2019ರ ಆಗಸ್ಟ್‌ನಲ್ಲಿ ಗೆಲುವಿನ ನಂತರ ನೇಟ್ ಡಿಯಾಜ್ ಮೈಕ್‌ನಲ್ಲಿ ಒಂದು ಬೆಲ್ಟ್ ಕಲ್ಪಿಸಿದ: ಎಲ್ಲರಿಗಿಂತ ಗಟ್ಟಿಗ ಯಾರೋ ಅವನಿಗೆ. ತನಗೆ ತಕ್ಕವನು ಹಾರ್ಹೆ ಮಾಸ್ವಿದಾಲ್ ಎಂದು ಹೊಗಳಿ ಕರೆದ. ಬಯ್ಯಲಿಲ್ಲ, ಎದುರಾಳಿಯನ್ನು ಎತ್ತಿ ನಿಲ್ಲಿಸಿದ. 2003ರಿಂದ ಕಾದಾಡುತ್ತ ಬಂದು, ಹತ್ತಾರು ಸಲ ಸೋತು, ಆ ಜುಲೈನಲ್ಲಿ ಬೆನ್ ಆಸ್ಕ್ರೆನ್‌ನನ್ನು ಐದೇ ಸೆಕೆಂಡಿನಲ್ಲಿ ಮಂಡಿಯಿಂದ ಉರುಳಿಸಿ ಎದ್ದು ನಿಂತಿದ್ದ ಮಾಸ್ವಿದಾಲ್ ಒಪ್ಪಿದ. ಯುಎಫ್‌ಸಿ ನಿಜಕ್ಕೂ ಬಿಎಂಎಫ್ ಎಂಬ ಹೆಸರಿನಲ್ಲಿ ಆ ಬೆಲ್ಟ್ ಮಾಡಿಸಿತು. ನವೆಂಬರ್ 2ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗೆದ್ದ ಮಾಸ್ವಿದಾಲ್‌ನ ಸೊಂಟಕ್ಕೆ ಅದನ್ನು ಕಟ್ಟಿದವನು ದಿ ರಾಕ್, ರೆಸ್ಲಿಂಗ್ ಕಂಡ ಅತಿ ದೊಡ್ಡ ತಾರೆಗಳಲ್ಲಿ ಒಬ್ಬ. ಶ್ರೇಯಾಂಕದ ಲೆಕ್ಕದಲ್ಲಿ ಆ ಪಂದ್ಯಕ್ಕೆ ಬೆಲೆಯಿರಲಿಲ್ಲ. ಜನರಿಗೆ ಅದು ಆ ವರ್ಷದ ಪಂದ್ಯವಾಗಿತ್ತು.

ಅದೇ ಬೆಲ್ಟಿಗಾಗಿ 2024ರ ಏಪ್ರಿಲ್ 13ರಂದು ಯುಎಫ್‌ಸಿ 300ರಲ್ಲಿ ಮ್ಯಾಕ್ಸ್ ಹಾಲೊವೇ ಮತ್ತು ಜಸ್ಟಿನ್ ಗೇಚಿ ಎದುರಾದರು. ಐದನೇ ಸುತ್ತು ಮುಗಿಯಲು ಹತ್ತು ಸೆಕೆಂಡು ಉಳಿದಿತ್ತು. ಹಾಲೊವೇ ಮುಂದಿದ್ದ, ಸುಮ್ಮನೆ ಹಿಂದೆ ಸರಿದಿದ್ದರೆ ಸಾಕಿತ್ತು. ಅವನು ಪಂಜರದ ನಟ್ಟನಡುವೆ ಬಂದು ಎರಡೂ ಕೈಗಳಿಂದ ನೆಲ ತೋರಿಸಿದ: ಇಲ್ಲಿ ನಿಂತು ಹೊಡೆದಾಡೋಣ ಬಾ. 2016ರಲ್ಲಿ ರಿಕಾರ್ಡೊ ಲಾಮಾಸ್ ಎದುರೂ ಕೊನೆಯ ಸೆಕೆಂಡುಗಳಲ್ಲಿ ಅವನು ಹೀಗೇ ನೆಲ ತೋರಿಸಿದ್ದ, ಅದನ್ನು ನೆನಪಿಟ್ಟವರೆಲ್ಲ ಆ ಕ್ಷಣ ಸೀಟಿನಿಂದ ಎದ್ದರು. ಗೇಚಿ ಹಿಂಜರಿಯಲಿಲ್ಲ, ಮುಂದೆ ಬಂದ. ಇಬ್ಬರೂ ಕಣ್ಣು ಮುಚ್ಚಿ ಬೀಸಿದರು. ಗಡಿಯಾರದಲ್ಲಿ ಒಂದು ಸೆಕೆಂಡು ಉಳಿದಿರುವಾಗ ಗೇಚಿ ಮುಖ ಅಡಿಯಾಗಿ ಬಿದ್ದ.